ಸಮುದ್ರದಾಚೆಗಿನ ಅಳತೆ

ತಗಡಿನ ಕೊಳವೆಯ ಮುಚ್ಚಳ ತಿರುವಿದ ಕೂಡಲೇ ಕರ್ಪೂರದ ವಾಸನೆ ಬಂತು. ಕರ್ಪೂರ ಯಾವಾಗಲೋ ಕರಗಿ ಹೋಗಿದೆ. ಅದನ್ನು ಕಟ್ಟಿದ್ದ ಬಿಳಿ ಅರಿವೆಯ ತುಂಡೊಂದು ತಳದಲ್ಲಿ ಉಳಿದಿದೆ, ಅಷ್ಟೇ. ಆದರೂ ವಾಸನೆ ಹೋಗಿಲ್ಲ. ಅದರ ಹಿಂದೆಯೇ ಕಪ್ಪು ಶಾಯಿಯದು, ಆಮೇಲೆ ಹಳೆಯ ದಪ್ಪ ಕಾಗದದ್ದು. ಒಳಗಿನ ನಕಾಶೆಗೆ ಹುಳ ಹತ್ತಬಾರದೆಂದು ಹಾಗೆ ಕಟ್ಟಿಟ್ಟವರು ಖಾನಾಪುರದ ಮೋಜಣಿ ಕಾಕಾ. ಅವರು ತೀರಿಕೊಂಡು ಆರು ವರ್ಷವಾಯಿತು.

ಆ ಕೊಳವೆಯನ್ನು ನಾನು ಅಟ್ಟದಿಂದ ಇಳಿಸಿದ್ದು ಒಂದು ಪಾರ್ಸೆಲ್ಲಿನ ದೆಸೆಯಿಂದ. ಹೋದ ಮಂಗಳವಾರ ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಗೆ ಅದು ಬಂತು, ತರಿಸಿದವಳು ನಾನೇ. ಅದರೊಳಗೆ ಒಂದು ಪುಸ್ತಕವಿದೆ. ಆ ಪುಸ್ತಕಕ್ಕಾಗಿ ನಾವು ನಾಲ್ಕು ಜನ ಮೂರು ವರ್ಷ ಕಾದಿದ್ದೆವು. ಕೊನೆಗೆ ಅದು ಬರುವುದೇ ಇಲ್ಲವೆಂಬ ಸುದ್ದಿ ಕೇಳಿದ್ದೆವು. ಈಗ ಹತ್ತು ವರ್ಷದ ಮೇಲೆ ಬೇರೆ ಯಾರೋ ಹಕ್ಕು ಪಡೆದು, ಮೊದಲಿನ ಲೇಖಕರಿಂದಲೇ ಬರೆಸಿ ಅಚ್ಚು ಹಾಕಿದ್ದಾರೆ. ನನಗೆ ಕಾಯುವುದೆಂದರೆ ಆಗಿಬರುವುದಿಲ್ಲ. ಕುಕ್ಕರ್ ಮೂರನೆಯ ಸೀಟಿ ಹೊಡೆಯುವ ತನಕ ಒಲೆಯ ಮುಂದೆ ನಿಲ್ಲಲಾರದವಳು ನಾನು. ಅಂಥವಳು ಪಾರ್ಸೆಲ್ ಒಡೆಯದೆ ನಾಲ್ಕು ದಿನ ಟೀವಿಯ ಪಕ್ಕ ಇಟ್ಟುಕೊಂಡು ಕೂತೆ. ಹೆದರಿಕೆಯಾಗಿತ್ತು, ಮುಚ್ಚಿಡುವುದೇನು.

ಸಂಗತಿ ಏನೆಂದು ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನಮ್ಮ ಅವ್ವನ ಹಾಗೆ ನೀವೂ, ಇಷ್ಟು ದೊಡ್ಡವರಾಗಿ ಪಗಡೆ ಆಡುತ್ತೀರಾ ಎಂದು ಕೇಳುವಿರಿ.

ನಾವು ಆಡುತ್ತಿದ್ದುದು ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಕಥೆಯೊಳಗಿನ ಒಂದೊಂದು ಪಾತ್ರ. ನಮ್ಮಲ್ಲಿ ನಡೆಸುವವನು ಸುಹಾಸ. ಹಿಂಡಲಗಾದಲ್ಲಿ ಅವನ ಹೋಮಿಯೋಪಥಿ ದವಾಖಾನೆ. ಪೇಶಂಟರು ಕಡಿಮೆ, ಓದಲಿಕ್ಕೆ ವೇಳೆ ಬೇಕಾದಷ್ಟು. ರೇಷ್ಮಾ ವಕೀಲರೊಬ್ಬರ ಹತ್ತಿರ ಟೈಪಿಂಗ್ ಮಾಡುತ್ತಿದ್ದಳು. ನಾನು ವಿಮಾ ಕಚೇರಿಯಲ್ಲಿದ್ದೆ. ಮುಂದೆ ಮುರಿದ ಸೇತುವೆ ಇದೆ, ಏನು ಮಾಡುತ್ತೀರಿ ಎಂದು ಸುಹಾಸ ಕೇಳುತ್ತಾನೆ. ನನ್ನ ಪಾತ್ರ ಒಬ್ಬ ಸಿಡುಕಿನ ಕತ್ತಿವೀರೆ. ಜಿಗಿಯುತ್ತೇನೆ ಎನ್ನುತ್ತೇನೆ. ಜಿಗಿತ ಆಚೆ ಮುಟ್ಟಿತೋ ಹೊಳೆಗೆ ಬಿತ್ತೋ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಗೆಲ್ಲುವವರು, ಸೋಲುವವರು ಯಾರೂ ಇಲ್ಲ. ಕಥೆ ಮುಂದೆ ಹೋಗಬೇಕು, ಅದೇ ಆಟ.

ಆ ಲೋಕದ ಊರು, ಹೊಳೆ, ರಾಜರು, ರಾಕ್ಷಸರು ಎಲ್ಲ ಒಂದು ದಪ್ಪ ಪುಸ್ತಕದಲ್ಲಿದ್ದರು. ಹೊರದೇಶದ ಯಾವುದೋ ಸಣ್ಣ ಕಂಪನಿ ಅದನ್ನು ಅಚ್ಚು ಹಾಕಿತ್ತು. ಪುಸ್ತಕದ ನಕಾಶೆಯಲ್ಲಿ ಪೂರ್ವಕ್ಕೆ ಒಂದು ಬಂದರು, ಬಂದರಿನಾಚೆ ಸಮುದ್ರ, ಸಮುದ್ರದಾಚೆ ಬರೀ ಖಾಲಿ ಕಾಗದ. ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ, ಇದು ಮುಂದಿನ ಪುರವಣಿ ಸಂಪುಟದಲ್ಲಿ ಎಂದು ಬರೆದಿತ್ತು.

ಆ ನಕಾಶೆ ಅಂಗೈಯಗಲ. ನಮಗೆ ಮೇಜಿನ ತುಂಬ ಹಾಸುವಂಥದ್ದು ಬೇಕಿತ್ತು. ಝೆರಾಕ್ಸ್‌ನಲ್ಲಿ ದೊಡ್ಡದು ಮಾಡಿಸಿದರೆ ಹೊಳೆಗಳೆಲ್ಲ ಮಸಿಯ ಕಲೆಯಾದವು. ಆಗ ರೇಷ್ಮಾಳ ವಕೀಲರು ಖಾನಾಪುರದ ಒಬ್ಬರ ವಿಳಾಸ ಕೊಟ್ಟರು. ಭೂಮಾಪನ ಇಲಾಖೆಯಲ್ಲಿ ಮೂವತ್ತೇಳು ವರ್ಷ ಜಮೀನು ಅಳೆದು ನಿವೃತ್ತರಾದವರು, ಕೈಯಿಂದ ನಕಾಶೆ ಬರೆಯುತ್ತಾರೆ ಎಂದರು. ಜಮೀನು ಅಳೆಯುವುದಕ್ಕೆ ನಮ್ಮ ಕಡೆ ಮೋಜಣಿ ಎನ್ನುತ್ತಾರೆ. ಓಣಿಗೆಲ್ಲ ಅವರು ಮೋಜಣಿ ಕಾಕಾ. ನಮಗೂ ಅವರು ಅದೇ ಆದರು.

ಒಂದು ಭಾನುವಾರ ಬೆಳಗಿನ ಪ್ಯಾಸೆಂಜರ್ ಹಿಡಿದು ಹೋದೆವು. ದೇಸೂರಿನಲ್ಲಿ ಗಾಡಿ ಸುಮ್ಮನೆ ನಿಂತುಕೊಂಡು ಅರ್ಧ ಗಂಟೆ ತಿಂದಿತು. ನಾನು ಬಾಗಿಲಲ್ಲಿ ನಿಂತು ಗಾರ್ಡನ್ನು ಬೈಯುತ್ತಿದ್ದೆ. ಕಾಕಾರ ಮನೆ ಸ್ಟೇಶನ್ನಿನಿಂದ ದೂರವಿರಲಿಲ್ಲ, ಕೆಂಪು ಹಂಚಿನದು, ಮುಂದೆ ಅಗಲವಾದ ಕಟ್ಟೆ. ಒಳಗೆ ಅವರ ಹೆಂಡತಿ, ನಾವು ಕಾಕೂ ಎನ್ನುತ್ತಿದ್ದವರು, ಓಣಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ನಮ್ಮ ಪುಸ್ತಕ ಬಿಚ್ಚಿಟ್ಟೆವು. ಕಾಕಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಈ ಹೊಳಿ ಏರಿಗೆ ಹರದೈತಲ್ಲ" ಎಂದರು.

"ಕಾಕಾ, ಅದು ಮಾಯಾಲೋಕರಿ" ಎಂದ ಸುಹಾಸ.

"ಮಾಯಾ ಇರ್ಲಿ. ನೀರಿಗೆ ಇಳಕಲ ಗೊತ್ತಿರತೈತಿ."

ಮೂರು ವಾರದಲ್ಲಿ ನಕಾಶೆ ಬರೆದುಕೊಟ್ಟರು. ಹೊಳೆಯನ್ನು ಇಳಿಜಾರಿಗೆ ತಿರುಗಿಸಿದ್ದರು. ಅಷ್ಟೇ ಅಲ್ಲ, ಒಂದೊಂದು ಊರಿಗೂ ಪುಟ್ಟ ಹಸಿರು ಚೌಕ ಹಾಕಿದ್ದರು. ಇದೇನೆಂದು ಕೇಳಿದರೆ, ಊರು ಅಂದ ಮೇಲೆ ದನ ಮೇಯಲು ಗಾಯರಾಣ ಬೇಡವೇ ಎಂದು ನಮ್ಮನ್ನೇ ಕೇಳಿದರು. ರಾಕ್ಷಸರ ಊರಿಗೂ ಗಾಯರಾಣ ಬಿಟ್ಟಿದ್ದರು. ಆಮೇಲೆ ಬಂದರಿನಾಚೆಯ ಖಾಲಿ ಕಾಗದದ ಮೇಲೆ ಬೆರಳಿಟ್ಟು, ಇದರ ಆಚೆಯದು ಎಲ್ಲಿ ಎಂದರು. ಇನ್ನೂ ಪುಸ್ತಕ ಬರಬೇಕು, ಬರುವ ವರ್ಷ ಬರುತ್ತದಂತೆ ಎಂದೆವು. ಅವರ ಬೆರಳು ಅಲ್ಲಿಂದ ಏಳಲೇ ಇಲ್ಲ… ಈಗಲೂ ನನಗೆ ಆ ಬೆರಳೇ ಮೊದಲು ನೆನಪಾಗುತ್ತದೆ, ಉಗುರಿನ ಅಂಚಿಗೆ ಶಾಯಿ ಹಿಡಿದದ್ದು.

ಮುಂದಿನ ಭಾನುವಾರದಿಂದ ಅವರ ಮನೆಯ ಅದೇ ಮೇಜಿನ ಸುತ್ತ ಅವರೂ ಆಟಕ್ಕೆ ಕೂತರು. ಕತ್ತಿ ಬೇಡ, ಮಂತ್ರ ಬೇಡ, ನನ್ನವ ಒಬ್ಬ ಅಂಬಿಗ ಎಂದರು. ಅವನ ಊರಿನ ಯಾರೂ ಆಚೆ ದಂಡೆ ಮುಟ್ಟಿಲ್ಲ, ಅವನಿಗೆ ಮುಟ್ಟಬೇಕಾಗಿದೆ, ಅಷ್ಟೇ ಅವನ ಕಥೆ. ದಾಳ ಉರುಳಿ ಹೊಲಿಗೆ ಮಷಿನ್ನಿನ ಕೆಳಗೆ ಹೋಗಬಾರದೆಂದು ಅವರು ಅದನ್ನು ಹಿತ್ತಾಳೆ ಬಟ್ಟಲಿನಲ್ಲಿ ಹಾಕುತ್ತಿದ್ದರು. ಟಣ್ ಟಣ್ ಎಂದು ಸದ್ದಾದರೆ ಒಳಗಿನಿಂದ ಕಾಕೂ, ಅಂಬಿಗ ಬದುಕಿದನೋ ಸತ್ತನೋ ಎಂದು ವಿಚಾರಿಸುತ್ತಿದ್ದರು.

ಎರಡು ತಿಂಗಳೊಳಗೆ ನಮ್ಮ ಕಥೆ ಬಂದರಿಗೆ ಬಂದು ಮುಟ್ಟಿತು. ಪುಸ್ತಕ ಬರಲಿಲ್ಲ. ಕಂಪನಿಯಿಂದ ತಿಂಗಳಿಗೊಂದು ಪತ್ರ ಮಾತ್ರ ಬರುತ್ತಿತ್ತು. ಚಿತ್ರ ಬರೆಯುವವರಿಗೆ ಮೈಗೆ ಹುಷಾರಿಲ್ಲ. ಅಚ್ಚಿನ ಮನೆ ಬದಲಾಯಿಸಿದ್ದೇವೆ. ಇನ್ನೂ ಚಂದ ಮಾಡಬೇಕೆಂದೇ ತಡ. ನಳಕ್ಕೆ ನೀರು ಯಾವಾಗ ಬಿಡುತ್ತೀರೆಂದು ಕೇಳಿದಾಗ ಬರುವಂಥದೇ ಉತ್ತರಗಳು. ಅಲ್ಲಿಯ ತನಕ ಸುಹಾಸ ನಮ್ಮನ್ನು ಬಂದರಿನೊಳಗೇ ತಿರುಗಾಡಿಸಿದ. ಮೀನಿನ ಪೇಟೆಯ ಕಳ್ಳರನ್ನು ಹಿಡಿದೆವು, ದೀಪಸ್ತಂಭದ ಭೂತ ಬಿಡಿಸಿದೆವು, ಬಂದರಿನ ಯಜಮಾನನ ಮಗಳ ಮದುವೆಗೂ ಓಡಾಡಿದೆವು. ಖಡೇ ಬಜಾರಿನ ಗಲ್ಲಿಗಳಿಗಿಂತ ಆ ಬಂದರಿನ ಗಲ್ಲಿಗಳು ನನಗೆ ಹೆಚ್ಚು ಪರಿಚಯವಾದವು. ಮೂರು ವರ್ಷ ಕಾಕಾರ ಅಂಬಿಗ ಹಡಗಿಗೆ ಡಾಂಬರು ಬಳಿಯುತ್ತಲೇ ಇದ್ದ.

ಇದಕ್ಕೆಲ್ಲ ಕಾಕಾರೇ ಕಾರಣ ಎಂದು ನಾನು ಅವರೆದುರಿಗೇ ಹೇಳಿದ್ದೇನೆ. ಸುಹಾಸ ಆಚೆಯ ನಾಡನ್ನು ತಾನೇ ಊಹಿಸಿ ನಡೆಸಲು ಎಂದೋ ತಯಾರಿದ್ದ. ಇವರು ಒಪ್ಪಲಿಲ್ಲ. "ಒಬ್ಬರ ಹತ್ರ ದಾಖಲೆ ಐತಿ ಅಂದ ಮ್ಯಾಲ ನಾವು ಅಂದಾಜಿನ ಮ್ಯಾಲ ಗೆರಿ ಎಳೀಬಾರದವಾ. ಬರತೈತಿ, ಕುಂದ್ರು" ಎನ್ನುವರು. ನಾನು ಕಂಪನಿಗೆ ಸಿಟ್ಟಿನ ಪತ್ರ ಬರೆದು ಅವರಿಗೆ ಓದಿ ತೋರಿಸಿದರೆ ನಕ್ಕು, "ಬೈದ್ರ ನಕಾಶಿ ಬರತೈತೇನು?" ಎನ್ನುವರು.

ಮೂರನೆಯ ವರ್ಷದ ಒಂದು ಭಾನುವಾರ ಅವರು ಚುರಮುರಿ ತಟ್ಟೆಗೆ ಹಾಕುವಾಗ ಅರ್ಧ ಚುರಮುರಿ ಮೇಜಿನ ಮೇಲೆ ಬಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಬೆಳಗಾವಿಯ ಕಣ್ಣಿನ ಡಾಕ್ಟರು ಸೂಜಿ ಹಾಕಿದ್ದರು, ಲೇಸರ್ ಬಿಟ್ಟಿದ್ದರು. ಕಪ್ಪು ಚುಕ್ಕೆಗಳು ಮಾತ್ರ ಬೆಳೆಯುತ್ತಲೇ ಇದ್ದವು.

"ಬರಿಯೂ ಕೆಲಸ ಇದ್ರ ಈ ವರ್ಷ ಲಗೂನ ಮುಗಿಸಿಕೊಳ್ರಿ ಅಂದಾರ" ಎಂದು ಹೇಳಿ, ಬಿದ್ದ ಚುರಮುರಿಯನ್ನು ಕೈಯಿಂದ ತಡವಿ ಒಟ್ಟು ಮಾಡಿದರು.

ಅವರಿಗೆ ಉಳಿದಿದ್ದ ಬರೆಯುವ ಕೆಲಸ ಯಾವುದೆಂದು ನಮ್ಮೆಲ್ಲರಿಗೂ ಗೊತ್ತಿತ್ತು. ಆಚೆ ದಂಡೆಯನ್ನು ತಮ್ಮ ಕೈಯಿಂದ ಬರೆದು, ತಮ್ಮ ಕಣ್ಣಿಂದ ನೋಡಬೇಕಿತ್ತು. ಅವತ್ತು ವಾಪಸು ಬರುವಾಗ ಗಾಡಿ ದೇಸೂರಿನಲ್ಲಿ ನಿಂತರೂ ನಾನು ಯಾರನ್ನೂ ಬೈಯಲಿಲ್ಲ.

ಪುಸ್ತಕ ರದ್ದಾದ ಸುದ್ದಿ ಅದಾದ ಎರಡು ತಿಂಗಳಿಗೆ ಬಂತು. ಖಾನಾಪುರಕ್ಕೆ ಹೊರಟ ಗಾಡಿಯಲ್ಲೇ ರೇಷ್ಮಾ ಮೊಬೈಲಿನಲ್ಲಿ ಓದಿದಳು. ನಾಲ್ಕು ಸಾಲಿನ ಪತ್ರ. ಬಹಳ ವಿಷಾದವಿದೆ, ಕಂಪನಿ ಮುಚ್ಚುತ್ತಿದ್ದೇವೆ, ಸಮುದ್ರದಾಚೆಯ ಸಂಪುಟ ಬರುವುದಿಲ್ಲ, ಇಷ್ಟು ದಿನದ ತಾಳ್ಮೆಗೆ ಕೃತಜ್ಞತೆಗಳು. ತಾಳ್ಮೆ ಎಂಬ ಮಾತು ಓದಿ ನನಗೆ ಮೈಯೆಲ್ಲ ಉರಿಯಿತು. ಕಾಕಾರಿಗೆ ಹೇಳುವುದು ಬೇಡ ಎಂದು ಸುಹಾಸ. ಹೇಳದೆ ಹೇಗೆ ಎಂದು ರೇಷ್ಮಾ. ಕೊನೆಗೆ ಕಟ್ಟೆ ಹತ್ತುತ್ತಿದ್ದಂತೆ ಅಳುತ್ತ ನಾನೇ ಹೇಳಿದೆ.

ಕಾಕಾ ಪತ್ರವನ್ನು ಎರಡು ಸಲ ಓದಿಸಿದರು, ಕನ್ನಡದಲ್ಲಿ ಹೇಳಿಸಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಬರತೈತಿ ಅಂತ ಇನ್ನೂ ಹೇಳತಾರೋ, ಇನ್ನ ಕೊಡಂಗಿಲ್ಲ ಅಂತ ಬರದಾರೋ?"

"ಕೊಡಂಗಿಲ್ಲ ಅಂತ ಬರದಾರ್ರಿ ಕಾಕಾ."

"ಬರವಣಿಗೀಲೆ?"

"ಹೌದ್ರಿ."

ಅವರು ಗೋಡೆಗೆ ಒರಗಿ ಕೂತರು. ಅಳುತ್ತಾರೇನೋ ಎಂದುಕೊಂಡೆ. "ಹಂಗಾರ ದಾರಿ ಐತಿ" ಎಂದರು.

ಜಮೀನಿನ ಮೂಲ ಕಾಗದ ಸಿಗದೇ ಹೋದರೆ ಅವರು ನೌಕರಿಯಲ್ಲಿದ್ದಾಗ ಮಾಡುತ್ತಿದ್ದ ಕ್ರಮವನ್ನು ಆವತ್ತು ವಿವರಿಸಿದರು. ಕಾಗದ ಯಾರ ವಶದಲ್ಲಿರಬೇಕೋ ಅವರಿಗೆ ನೋಟಿಸು ಕೊಡಬೇಕು. ಇಂಥ ದಿನ ಇಂಥಲ್ಲಿಗೆ ಬರ್ರಿ ಎಂದು. ನೋಟಿಸು ಮುಟ್ಟಿಯೂ ಅವರು ಬರದಿದ್ದರೆ, ಬಾಜೂ ಹೊಲದವರನ್ನು ಕರೆದು, ಅವರಿಗೆ ಗೊತ್ತಿದ್ದುದನ್ನು ಕೇಳಿ, ಅದಕ್ಕೆ ಹೊಂದಿಸಿ ಅಳತೆ ಮಾಡಬೇಕು. ಪಂಚನಾಮೆ ಬರೆದು ಸಹಿ ಹಾಕಬೇಕು. ಮೊದಲ ಸಹಿ ಅಳೆದವನದು. "ಅಳತಿ ದಿನ ಬರಲಾರದಾವ ಆಮ್ಯಾಲ ತಕರಾರು ತಂದ್ರ ನಡಿಯೂದಿಲ್ಲ" ಎಂದು ಮುಗಿಸಿದರು. ಒಳಗಿನಿಂದ ಕಾಕೂ, ಈ ಮಾತು ಮೂವತ್ತೇಳು ವರ್ಷ ಕೇಳಿದ್ದೇನೆ, ನಿದ್ದೆಯಲ್ಲೂ ಹೇಳುತ್ತಿದ್ದರು ಎಂದರು.

ಆಟದ ಪುಸ್ತಕ ಬರೆಯುವವರಿಗೆ ಮೋಜಣಿ ನೋಟಿಸು. ಲೋಕದಲ್ಲಿ ಇನ್ನೆಲ್ಲೂ ಯಾರೂ ಇಂಥ ಕೆಲಸ ಮಾಡಿರಲಾರರು. ಕಾಕಾ ಹೇಳಿದರು, ರೇಷ್ಮಾ ಟೈಪು ಮಾಡಿದಳು. ‘ಸದರಿ ಸಮುದ್ರದ ಪೂರ್ವಕ್ಕಿರುವ ಜಮೀನಿನ ಕಾಗದಪತ್ರಗಳು ತಮ್ಮ ವಶದಲ್ಲಿದ್ದು, ತಾವು ಅವನ್ನು ಕೊಡುವುದಿಲ್ಲವೆಂದು ತಿಳಿಸಿರುವ ಕಾರಣ, ಈ ನೋಟಿಸು ಮುಟ್ಟಿದ ಬಗ್ಗೆ ತಮ್ಮ ಸಹಿಯ ಕಾರ್ಡು ನಮಗೆ ತಲುಪಿದ ನಂತರದ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಖಾನಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಹಾಜರಿರತಕ್ಕದ್ದು. ತಪ್ಪಿದಲ್ಲಿ ತಮ್ಮ ಗೈರುಹಾಜರಿಯಲ್ಲಿ ಅಳತೆ ನಡೆಸಲಾಗುವುದು.’ ಜೊತೆಗೆ ಇಂಗ್ಲಿಷಿನದೊಂದು ಪ್ರತಿ. ಪುಸ್ತಕದಲ್ಲಿದ್ದ ಕಂಪನಿಯ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು. ಮುಟ್ಟಿದ ಮೇಲೆ ಅವರ ಸಹಿಯಾಗಿ ಒಂದು ಗುಲಾಬಿ ಕಾರ್ಡು ನಮಗೆ ತಿರುಗಿ ಬರಬೇಕು. ಅದು ಬರುವ ತನಕ ಕಾಕಾ ಪೆನ್ನು ಮುಟ್ಟುವುದಿಲ್ಲ ಎಂದರು.

ಸರಿ, ಪುಸ್ತಕಕ್ಕೆ ಕಾಯುವುದು ಹೋಯಿತು, ಕಾರ್ಡಿಗೆ ಕಾಯುವುದು ಬಂತು. ಒಂದು ತಿಂಗಳಾಯಿತು, ಎರಡಾಯಿತು. ಕಾಕಾ ನನ್ನ ಮುಖದ ಕಡೆ ನೋಡಿ ರೇಷ್ಮಾಳ ಹೆಸರು ಹಿಡಿದು ಮಾತಾಡಿಸಿದ ದಿನ ನನ್ನ ತಲೆ ಕೆಟ್ಟಿತು. ಯಾರಿಗೂ ಹೇಳದೆ ಒಂದು ಖಾಲಿ ಗುಲಾಬಿ ಕಾರ್ಡು ಸಂಪಾದಿಸಿದೆ. ಅದರ ಮೇಲೆ ಸೊಟ್ಟಗೆ ಒಂದು ಇಂಗ್ಲಿಷ್ ಸಹಿ ಗೀಚಿ, ಕಾಕಾರ ವಿಳಾಸ ಬರೆದು ಅಂಚೆಗೆ ಹಾಕಿದೆ.

ಮೂರನೆಯ ದಿನ ಕಾಕಾರ ಫೋನು ಬಂತು. ಕಾರ್ಡು ಬಂದೈತಿ, ಮೂವರೂ ಬರ್ರಿ ಎಂದರು. ಸುಹಾಸ, ರೇಷ್ಮಾ ಗಾಡಿಯಲ್ಲಿ ಕುಣಿಯುವುದೊಂದು ಬಾಕಿ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ಕಾಕಾ ಕಾರ್ಡನ್ನು ಮೇಜಿನ ನಡುವೆ ಇಟ್ಟು, ಅದರ ಮೇಲೆ ಭೂತಗನ್ನಡಿ ಇಟ್ಟು, ನನ್ನ ಕಡೆ ಸರಿಸಿದರು.

"ಈ ಶಿಕ್ಕಾ ಓದವಾ."

ಅಂಚೆಯ ಮುದ್ರೆಯಲ್ಲಿ ಹಿಂಡಲಗಾ ಎಂದಿತ್ತು. ಸುಹಾಸನ ದವಾಖಾನೆಗೆ ಹೋದಾಗ ಅಲ್ಲಿಯ ಡಬ್ಬಿಗೇ ಹಾಕಿ ಬಂದಿದ್ದೆ, ಅಷ್ಟೂ ಬುದ್ಧಿ ಇರಲಿಲ್ಲ. ಕಣ್ಣು ಹೋಗುತ್ತಿರುವ ಮನುಷ್ಯ ಮುದ್ರೆ ಓದಲಾರರೆಂದು ನಂಬಿದ್ದೆ, ಅದು ಅದಕ್ಕಿಂತ ದೊಡ್ಡ ತಪ್ಪು. ಕಾಕಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಸುಳ್ಳ ಕಾಗದದ ಮ್ಯಾಲೂ ನಾ ನಕಾಶಿ ಬರದೇನು, ಕೈ ಐತಲ್ಲ. ಆದ್ರ ಅದರ ಮ್ಯಾಲ ನನ್ನ ಅಂಬಿಗ ದೋಣಿ ಬಿಡಂಗಿಲ್ಲ" ಎಂದರು. ಭೂತಗನ್ನಡಿಯನ್ನು ತಮ್ಮ ಕಡೆ ಎಳೆದುಕೊಂಡು, "ನನ್ನ ಸಲುವಾಗಿ ಮಾಡೀದಿ, ಗೊತ್ತೈತಿ. ಹೋಗು, ಮಾರಿ ತೊಳಕೊಂಡ ಬಾ" ಎಂದರು.

ನಿಜವಾದ ಕಾರ್ಡು ಮತ್ತೆ ಹನ್ನೆರಡು ದಿನಕ್ಕೆ ಬಂತು. ಈ ಸಲ ಹೊರದೇಶದ ಮುದ್ರೆ, ಮಳೆಗೆ ನೆನೆದು ಅಂಚು ಉಬ್ಬಿತ್ತು. ಕಾಕಾ ಅದರ ಮೇಲಿನ ಸಹಿಯನ್ನು ನಮ್ಮ ಪುಸ್ತಕದ ಮುನ್ನುಡಿಯ ಕೆಳಗೆ ಅಚ್ಚಾಗಿದ್ದ ಸಹಿಯ ಪಕ್ಕ ಇಟ್ಟು ಕಾಲು ಗಂಟೆ ನೋಡಿದರು. ಅದೇ ಕೈ. ಪುಸ್ತಕ ಬರೆದವರೇ ನಮ್ಮ ನೋಟಿಸು ತಮ್ಮ ಕೈಯಾರೆ ತೆಗೆದುಕೊಂಡಿದ್ದರು. ಏನೆಂದುಕೊಂಡರೋ ಆ ಪುಣ್ಯಾತ್ಮರು… ಉತ್ತರ ಬರಲಿಲ್ಲ. ಎರಡನೆಯ ಭಾನುವಾರ ಹತ್ತು ಗಂಟೆಗೆ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಟ್ಟೆಗೆ ಬಂದರು. ಓಣಿಯ ಎರಡೂ ಕಡೆ ನೋಡಿ, "ಗೈರುಹಾಜರು" ಎಂದು ಬರೆಸಿದರು. ಮೂರು ವರ್ಷ ಹಡಗಿಗೆ ಡಾಂಬರು ಬಳಿದವನ ಮುಖ ಆ ಹೊತ್ತಿನಲ್ಲಿ ಹೇಗಿತ್ತೆಂದು ನಾನು ಬರೆದು ತೋರಿಸಲಾರೆ. ನನಗಂತೂ ಕಟ್ಟೆಯ ಮೇಲೆ ಕುಣಿಯಬೇಕೆನಿಸಿತು.

ಸಮುದ್ರದಾಚೆಯ ನಾಡಿಗೆ ಬಾಜೂ ಹೊಲದವರು ಯಾರು? ನಮ್ಮ ದಪ್ಪ ಪುಸ್ತಕವೇ. ಅದರಲ್ಲಿ ಎಲ್ಲೆಲ್ಲಿ ಆಚೆಯ ಸುದ್ದಿ ಬಂದಿದೆಯೋ ಎಲ್ಲವನ್ನೂ ಹೆಕ್ಕಿದೆವು. ಹಡಗಿನವರ ಜಗಳ, ಅಜ್ಜಿಯರ ಕಥೆ, ಪೇಟೆಯ ಸಾಮಾನಿನ ಪಟ್ಟಿ, ಒಂದನ್ನೂ ಬಿಡಲಿಲ್ಲ. ರೇಷ್ಮಾ ಓದುವಳು, ಕಾಕಾ ಒಬ್ಬೊಬ್ಬ ಸಾಕ್ಷಿಯನ್ನು ನಿಲ್ಲಿಸಿಕೊಂಡು ವಿಚಾರಿಸುವ ಹಾಗೆ ವಿಚಾರಿಸುವರು. ಒಂದು ಕಡೆ, ಪೂರ್ವದಿಂದ ಬಂದರಿಗೆ ಬರಲು ದೊಡ್ಡ ಹಡಗಿಗೆ ಹನ್ನೆರಡು ದಿನ ಎಂದಿತ್ತು. ಇನ್ನೊಂದು ಕಡೆ, ಉಪ್ಪು ಮಾರುವವರ ಸಣ್ಣ ದೋಣಿ ಒಂಬತ್ತು ದಿನಕ್ಕೆ ಬರುತ್ತದೆ ಎಂದಿತ್ತು. ನಾವು ಅದನ್ನು ದಾಟಿ ಹೋಗಿದ್ದೆವು. ಕಾಕಾ ತಡೆದರು.

"ಸಣ್ಣ ದೋಣಿ ಲಗೂನ ಹೆಂಗ ಬರತೈತಿ?"

"ಅಚ್ಚಿನ ತಪ್ಪಿರಬೇಕ್ರಿ" ಎಂದ ಸುಹಾಸ.

"ತಪ್ಪಲ್ಲ. ದೊಡ್ಡ ಹಡಗ ಹಿಡಿಸಲಾರದ ದಾರಿ ಒಂದ ಐತಿ."

ಹೀಗೆ ಹನ್ನೊಂದು ದ್ವೀಪಗಳು ಎದ್ದವು. ದಕ್ಷಿಣದ ಎರಡು ದ್ವೀಪಗಳ ನಡುವೆ ಉಪ್ಪಿನವರ ಕಿರಿದಾದ ದಾರಿ ಮೂಡಿತು. ಒಂದೊಂದು ದ್ವೀಪಕ್ಕೂ ಸರ್ವೆ ನಂಬರು, ಊರು, ಕೆರೆ, ಹಸಿರು ಗಾಯರಾಣ. ಕಾಕಾ ಬೆಳಿಗ್ಗೆ ಬಿಸಿಲು ಚೆನ್ನಾಗಿದ್ದಾಗ ಎರಡು ಗಂಟೆ ಮಾತ್ರ ಬರೆಯಬಲ್ಲವರಾಗಿದ್ದರು. ಗೆರೆ ದಿನದಿಂದ ದಿನಕ್ಕೆ ದಪ್ಪವಾಗುತ್ತ ಹೋಯಿತು. ಆಚೆ ದಂಡೆಯ ಕೊನೆಯ ಗೆರೆ ನನ್ನ ಕಿರುಬೆರಳಿನಷ್ಟು ದಪ್ಪವಿದೆ. ಅದನ್ನು ಎಳೆದು ಪೆನ್ನು ಕೆಳಗಿಟ್ಟು, ಮುಖವನ್ನು ಕಾಗದಕ್ಕೆ ಹತ್ತಿರ ತಂದು, ಈ ತುದಿಯಿಂದ ಆ ತುದಿಯ ತನಕ ನೋಡಿದರು. ಕಂಡಿತು ಎಂದರು. ನಮ್ಮ ಮೂವರ ಕಣ್ಣಲ್ಲೂ ನೀರಿತ್ತು, ನಾಚಿಕೆ ಏನೂ ಆಗಲಿಲ್ಲ. ಪಂಚನಾಮೆಗೆ ಐದು ಜನ ಬೇಕೆಂದು ಕಾಕೂನನ್ನೂ ಕರೆದು ಸಹಿ ಹಾಕಿಸಿದರು.

ಹಡಗು ಬಿಟ್ಟದ್ದು ಅದರ ಮುಂದಿನ ಭಾನುವಾರ. ಹೊಲಿಗೆ ಕ್ಲಾಸಿನ ಹುಡುಗಿಯರಿಗೆ ಅಂದು ಸೂಟಿ, ಆದರೂ ಬಂದು ಮೇಜಿನ ಸುತ್ತ ನಿಂತಿದ್ದರು. ದ್ವೀಪದಿಂದ ದ್ವೀಪಕ್ಕೆ ಮಧ್ಯಾಹ್ನದವರೆಗೆ ಹೋದೆವು. ನನ್ನ ಕತ್ತಿವೀರೆ ಎರಡು ಸಲ ಸಾಯುವಂತಾಗಿ ಬದುಕಿದಳು. ಆಮೇಲೆ ಸುಹಾಸ ಹೇಳಿದ, ಆಚೆ ದಂಡೆ ಕಾಣುತ್ತಿದೆ, ಆದರೆ ಬಿರುಗಾಳಿ ಎದ್ದಿದೆ, ಹಡಗು ಮುಟ್ಟಬೇಕಾದರೆ ದಾಳದಲ್ಲಿ ಹದಿನೈದಾದರೂ ಬೀಳಬೇಕು.

ಕಾಕಾ ಬಟ್ಟಲಿಗೆ ದಾಳ ಹಾಕಿದರು. ಟಣ್ ಟಣ್ ನಿಂತಿತು. ಅಷ್ಟು ಸಣ್ಣ ಅಂಕಿ ಅವರಿಗೆ ಕಾಣುತ್ತಿರಲಿಲ್ಲ.

"ಎಷ್ಟ ಬಿತ್ತು?"

ಒಂಬತ್ತು ಬಿದ್ದಿತ್ತು. ಸುಹಾಸ ತಲೆ ತಗ್ಗಿಸಿದ. ಹದಿನೇಳು ಎಂದು ಹೇಳಲು ನಾನು ಬಾಯಿ ತೆರೆದೇ ಬಿಟ್ಟಿದ್ದೆ, ಹಿಂಡಲಗಾದ ಶಿಕ್ಕಾ ನನಗೆ ಸಾಕಾಗಿರಲಿಲ್ಲ. ಅಷ್ಟರಲ್ಲಿ ಕಾಕೂ ನನ್ನ ಭುಜದ ಮೇಲಿಂದ ಬಾಗಿ ನೋಡಿ, "ಒಂಬತ್ತು" ಎಂದರು.

ಕಾಕಾ ಹೂಂ ಎಂದು ತಲೆಯಾಡಿಸಿದರು. ನಕಾಶೆಯ ದಕ್ಷಿಣದ ಅಂಚಿನಿಂದ ನಾಲ್ಕು ಬೆರಳು ಅಳೆದು, ಎರಡು ದಪ್ಪ ಗೆರೆಗಳ ನಡುವೆ ಉಗುರು ಇಟ್ಟರು. "ದೊಡ್ಡ ಹಡಗ ಇಲ್ಲೇ ನಿಂದ್ರಲಿ. ಸಣ್ಣ ದೋಣಿ ಇಳಸ್ರಿ. ಉಪ್ಪಿನವರ ದಾರಿಲೆ ಹೋಗೂಣು. ಎರಡೂ ಬಾಜು ಗುಡ್ಡ ಅದಾವು, ಅಲ್ಲಿ ಗಾಳಿ ಹತ್ತೂದಿಲ್ಲ."

ಸುಹಾಸ ತನ್ನ ಕಾಗದಗಳನ್ನು ತಿರುವಿದ, ನಕಾಶೆ ನೋಡಿದ, ಪಂಚನಾಮೆಯಲ್ಲಿ ತನ್ನದೇ ಸಹಿ ನೋಡಿದ. ಆ ದಾರಿ ಇಲ್ಲವೆನ್ನಲು ಅವನಿಗೆ ಬಾಯಿರಲಿಲ್ಲ. ಕಾಗದಗಳನ್ನೆಲ್ಲ ಮಗುಚಿಟ್ಟ.

"ದಾಳ ಬ್ಯಾಡ್ರಿ ಕಾಕಾ" ಎಂದ. "ದಾರಿ ಐತಿ. ನಿಮ್ಮ ಕಾಲಿಗೆ ಉಸುಕ ಹತ್ತೇತಿ."

ಆ ಹುಡುಗಿಯರು ಹಾಕಿದ ಕೇಕೆಗೆ ಪಕ್ಕದ ಮನೆಯವರು ಓಡಿ ಬಂದರು. ಕಾಕಾ ಮಾತ್ರ ಚಪ್ಪಲಿಯಿಂದ ಕಾಲು ಹೊರಗೆ ತೆಗೆದು, ನೆಲದ ಮೇಲೆ ಊರಿ ಕೂತಿದ್ದರು. ನನ್ನ ಬದುಕಿನಲ್ಲಿ ಅಂಥ ಗೆಲುವನ್ನು ನಾನು ಇನ್ನೊಂದು ಕಂಡಿಲ್ಲ. ನಾನು ಹದಿನೇಳು ಎಂದಿದ್ದರೆ ಅದು ನನ್ನ ಸುಳ್ಳಿನ ಗೆಲುವಾಗುತ್ತಿತ್ತು. ಈಗ ಅದು ಅವರ ನಕಾಶೆಯದು.

ಅದರ ನಂತರ ಮೂರು ವರ್ಷ ಆ ನಾಡಿನಲ್ಲೇ ಆಡಿದೆವು. ಕಣ್ಣು ಪೂರ್ತಿ ಹೋದ ಮೇಲೂ ಕಾಕಾ ಬೆರಳಿನಿಂದ ಅಳೆದು ದಾರಿ ಹೇಳುತ್ತಿದ್ದರು. ಕೊನೆಗೊಂದು ಚಳಿಗಾಲ ಎದೆಯ ತೊಂದರೆ ಬಂದು… ಎರಡೇ ದಿನ. ನಕಾಶೆಯ ಕೊಳವೆಯನ್ನು ಕಾಕೂ ನನ್ನ ಕೈಗಿಟ್ಟರು. ಅವರಿಲ್ಲದ ಭಾನುವಾರಗಳು ನನಗೆ ಇನ್ನೂ ರೂಢಿಯಾಗಿಲ್ಲ.

ಈಗ ಪಾರ್ಸೆಲ್. ನನ್ನ ಹೆದರಿಕೆ ಏನೆಂದು ನಿಮಗೆ ತಿಳಿದಿರಬೇಕು. ಒಳಗಿರುವುದು ಮೂಲ ದಾಖಲೆ. ಅದಕ್ಕೂ ನಮ್ಮ ನಕಾಶೆಗೂ ತಾಳೆಯಾಗದಿದ್ದರೆ ಕಾಕಾರ ಅಳತೆ ತಪ್ಪೆಂದು ಆಗುತ್ತದೆ, ತಿದ್ದಲಿಕ್ಕೆ ಅವರೂ ಇಲ್ಲ. ಒಬ್ಬಳೇ ಒಡೆಯುವ ಧೈರ್ಯ ಸಾಲದೆ ಭಾನುವಾರ ಪಾರ್ಸೆಲ್, ಕೊಳವೆ ಎರಡನ್ನೂ ಹಿಡಿದು, ಸುಹಾಸ, ರೇಷ್ಮಾರನ್ನು ಹೊರಡಿಸಿಕೊಂಡು ಖಾನಾಪುರಕ್ಕೆ ಹೋದೆ. ಹೊಲಿಗೆ ಕ್ಲಾಸು ಈಗ ಎರಡು ಪಾಳಿ ನಡೆಯುತ್ತದೆ. ಕಾಕೂ ಮೇಜು ಖಾಲಿ ಮಾಡಿ, ಬಟ್ಟೆಯ ಕತ್ತರಿಯಿಂದಲೇ ಪಾರ್ಸೆಲ್ ಕತ್ತರಿಸಿದರು.

ಪುಸ್ತಕ ಬಹಳ ಚಂದವಿದೆ, ಸುಳ್ಳು ಹೇಳಲಾರೆ. ನುಣ್ಣನೆಯ ಕಾಗದ, ಬಣ್ಣದ ನಕಾಶೆ. ಅದರಲ್ಲಿ ದ್ವೀಪಗಳು ಐದೇ. ನಮ್ಮ ಹನ್ನೊಂದರಲ್ಲಿ ಒಂದೂ ಅದಕ್ಕೆ ಕೂಡಿ ಬರಲಿಲ್ಲ. ಉಪ್ಪಿನವರ ದಾರಿಯನ್ನು ನಾನು ಮೇಲಿಂದ ಕೆಳಗೆ ಮೂರು ಸಲ ಹುಡುಕಿದೆ. ಇಲ್ಲ. ರೇಷ್ಮಾ ಪುಟ ತಿರುವುತ್ತ ಹೋಗಿ, ಉಪ್ಪು ಮಾರುವವರ ಸುದ್ದಿಯೇ ಇದರಲ್ಲಿ ಎಲ್ಲೂ ಇಲ್ಲವಲ್ಲ ಎಂದಳು. ಮೊದಲ ಪುಸ್ತಕದಲ್ಲಿ ತಾವೇ ಬರೆದದ್ದನ್ನು ಅವರು ಮರೆತುಬಿಟ್ಟಿದ್ದರು. ಕಾಕಾ ಮರೆತಿರಲಿಲ್ಲ.

ಕಾಕೂ ಕನ್ನಡಕ ಏರಿಸಿಕೊಂಡು ಬಣ್ಣದ ನಕಾಶೆಯ ಮೇಲೆ ಬೆರಳಾಡಿಸುತ್ತಿದ್ದರು. "ಇಲ್ಲಿ ದನಾ ಎಲ್ಲಿ ಮೇಯತಾವು?" ಎಂದು ಕೇಳಿದರು.

ನಾವೂ ಬಗ್ಗಿ ಹುಡುಕಿದೆವು. ಐದು ದ್ವೀಪಗಳಲ್ಲಿ ಒಂದಕ್ಕೂ ಗಾಯರಾಣವಿರಲಿಲ್ಲ.

"ಹಂಗಾದ್ರ ಯಾವದು ಖರೇ ಅಂತ ಹಿಡಿಯೂದ್ರಿ ಕಾಕೂ?" ಎಂದೆ.

ಕಾಕೂ ಹೊಸ ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. "ಅದರಾಗ ಕೇಳೂದೇನೈತಿ. ನೋಟಿಸ ಮುಟ್ಟಿತ್ತು, ಅಳತಿ ದಿನ ಬರಲಿಲ್ಲ. ಈಗ ತಕರಾರು ತಂದ್ರ ನಡಿಯೂದಿಲ್ಲ. ಬರೀ."

ನಾನು ಬರೆದೆ. ಅಷ್ಟು ಚಂದದ ಪುಸ್ತಕದ ಮೊದಲ ಪುಟದ ಮೇಲೆ, ಕೆಂಪು ಶಾಯಿಯಲ್ಲಿ, ‘ಅಳತೆಯ ದಿನ ಗೈರುಹಾಜರು. ತಕರಾರು ನಾಮಂಜೂರು’ ಎಂದು. ಆಮೇಲೆ ಐದು ಗೆರೆ ಎಳೆದೆ. ಅಳೆದವರ ಗೆರೆಯನ್ನು ಮೇಲೆ ಹಾಗೇ ಬಿಟ್ಟು, ಅದರ ಕೆಳಗೆ ನಾವು ನಾಲ್ವರೂ ಸಹಿ ಹಾಕಿದೆವು.